ನಾಲ್ಕು ಚಕ್ರದ ಮರೆ

ಹಕ್ಕಿಗಳ ಲೋಕದಲ್ಲಿ ಮನುಷ್ಯನಿಗೆ ಇರುವ ಹೆಸರು ಅಷ್ಟೇನೂ ಒಳ್ಳೆಯದಲ್ಲ. ಎಮ್ಮೆಯ ಬೆನ್ನ ಮೇಲೆ ಕಾಜಾಣ ಸವಾರಿ ಮಾಡುತ್ತದೆ. ಮೇಯುವ ದನದ ಕಾಲಡಿಯಲ್ಲಿ ಬೆಳ್ಳಕ್ಕಿ ನಿರ್ಭಯವಾಗಿ ಓಡಾಡುತ್ತದೆ. ಆದರೆ ಎರಡು ಕಾಲಿನ ನಾವು, ಎಷ್ಟೇ ಸಾಧುಗಳಾಗಿರಲಿ, ಸಸ್ಯಾಹಾರಿಗಳಾಗಿರಲಿ, ಕೈಯಲ್ಲಿ ಒಂದು ಕಡ್ಡಿಯೂ ಇಲ್ಲದೆ ಬಂದಿರಲಿ, ನಮ್ಮನ್ನು ದೂರದಲ್ಲಿ ಕಂಡೊಡನೆಯೇ ಅವು ರೆಕ್ಕೆ ಬಿಚ್ಚಿಬಿಡುತ್ತವೆ. ತಲೆತಲಾಂತರದಿಂದ ಕವಣೆ, ಬಲೆ, ಬಂದೂಕು ಹಿಡಿದು ನಾವೇ ಸಂಪಾದಿಸಿಕೊಂಡ ಕೀರ್ತಿಯಿದು. ಅವುಗಳನ್ನು ದೂರಿ ಫಲವಿಲ್ಲ.

ವಿಚಿತ್ರವೆಂದರೆ, ಅದೇ ಮನುಷ್ಯ ಒಂದು ಕಾರಿನೊಳಗೆ ಕುಳಿತು ಮರದಡಿಗೆ ಬಂದು ನಿಂತರೆ ಅವನ ಅಪಕೀರ್ತಿಯೆಲ್ಲ ಒಮ್ಮೆಗೇ ಅಳಿಸಿಹೋಗುತ್ತದೆ. ಹಕ್ಕಿಯ ದೃಷ್ಟಿಯಲ್ಲಿ ಕಾರು ಒಂದು ಬಗೆಯ ದೊಡ್ಡ ಪ್ರಾಣಿ. ಗದ್ದಲ ಮಾಡುತ್ತದೆ, ಹೊಗೆ ಉಗುಳುತ್ತದೆ, ನಿಜ. ಆದರೆ ಅದು ಎಂದೂ ಮರ ಹತ್ತಿದ್ದಿಲ್ಲ, ಕಲ್ಲು ಬೀಸಿದ್ದಿಲ್ಲ. ಎಂಜಿನ್ ನಿಂತು ಐದು ನಿಮಿಷವಾದ ಮೇಲೆ ಅದು ಬಂಡೆಗೆ ಸಮಾನ. ಬಂಡೆಯ ಹೊಟ್ಟೆಯಲ್ಲಿ ಒಬ್ಬ ಮುದುಕ ಕ್ಯಾಮೆರಾ ಹಿಡಿದು ಕುಳಿತಿದ್ದಾನೆಂದು ಯಾವ ಹಕ್ಕಿ ತಾನೇ ಊಹಿಸೀತು?

ಈ ಉಪಾಯ ಇಂದಿನದಲ್ಲ. ಇಂಗ್ಲೆಂಡಿನಲ್ಲಿ ರಿಚರ್ಡ್ ಮತ್ತು ಚೆರಿ ಕೀರ್ಟನ್ ಎಂಬ ಸೋದರರಿದ್ದರು. 1892ರಲ್ಲಿ ಮೊಟ್ಟೆಗಳಿದ್ದ ಗೂಡೊಂದರ ಛಾಯಾಚಿತ್ರವನ್ನು ತೆಗೆದು ಹೆಸರಾದವರು ಅವರು. ಹಕ್ಕಿಗಳಿಗೆ ಹತ್ತಿರವಾಗುವ ಹಂಬಲದಲ್ಲಿ ಅವರು ಹಿಡಿಯದ ಹಾದಿಯಿಲ್ಲ. 1900ರಲ್ಲಿ ಎತ್ತಿನ ಚರ್ಮವನ್ನು ಹದಮಾಡಿಸಿ, ಚೌಕಟ್ಟಿಗೆ ಹೊದಿಸಿ, ಒಳಗೆ ಟೊಳ್ಳಾದ ಒಂದು ಎತ್ತನ್ನೇ ಸಿದ್ಧಗೊಳಿಸಿದರು. ಕ್ಯಾಮೆರಾ ಸಮೇತ ಅದರ ಹೊಟ್ಟೆಯೊಳಗೆ ಹೊಕ್ಕು ಹಕ್ಕಿಗಳಿಗಾಗಿ ಕಾಯುತ್ತಿದ್ದರು. ನಮ್ಮ ದೇಶದಲ್ಲಿ ಎತ್ತಿಗೆ ಈ ಗತಿ ಬರಲಿಲ್ಲ. ಎರೆಭೂತನಂಥ ಸಂಶಯದ ಹಕ್ಕಿಯೂ, ಕೃಷ್ಣಮೃಗದಂಥ ಅಂಜುಬುರುಕ ಪ್ರಾಣಿಯೂ ಎತ್ತಿನ ಗಾಡಿಗೆ ಹೆದರುವುದಿಲ್ಲವೆಂಬುದನ್ನು ಹಿಂದಿನ ಬೇಟೆಗಾರರು ಚೆನ್ನಾಗಿ ಅರಿತಿದ್ದರು. ಗಾಡಿಯ ಮರೆಯಲ್ಲಿಯೇ ಸಾಗಿ ಗುಂಡು ಹಾರಿಸುತ್ತಿದ್ದರು. ಅವರು ಬಂದೂಕಿಗೆ ಬಳಸಿದ ಮರೆಯನ್ನು ನಾವು ಕ್ಯಾಮೆರಾಕ್ಕೆ ಬಳಸುತ್ತಿದ್ದೇವೆ. ಎತ್ತಿನ ಬದಲು ಎಂಜಿನ್ ಬಂದಿದೆ, ಅಷ್ಟೆ.

ಈ ವಿದ್ಯೆಯಲ್ಲಿ ನಮ್ಮ ನಾಡಿಗೆ ಹಿರಿಯರ ಕೊರತೆಯಿಲ್ಲ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ, ಇವರೆಲ್ಲ ಕಾದು ಕುಳಿತು ಸಾಧಿಸಿದವರು. ಅವರ ಸಹನೆಯ ಕಾಲು ಪಾಲೂ ನನ್ನಲ್ಲಿಲ್ಲ. ನನ್ನಲ್ಲಿರುವುದು ಒಂದು ಹಳೆಯ ಮಾರುತಿ 800. ಆ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಮಗ ಬಂದಾಗಲೆಲ್ಲ, “ಅಪ್ಪಾ, ಇದನ್ನಿನ್ನೂ ಇಟ್ಟುಕೊಂಡಿದ್ದೀರಾ?” ಎನ್ನುತ್ತಾನೆ. ಹಕ್ಕಿಗಳಿಗೆ ಹೊಸ ಕಾರು, ಹಳೆಯ ಕಾರು ಎಂಬ ಭೇದವಿಲ್ಲವೆಂದು ನಾನು ಉತ್ತರ ಕೊಡುತ್ತೇನೆ.

ಮೈಸೂರಿನಿಂದ ಹೊರಗೆ ಹೋಗುವ ಒಂದು ರಸ್ತೆಯ ಬದಿಯಲ್ಲಿ ಗೋಣಿಮರವೊಂದಿದೆ. ರಸ್ತೆ ಯಾವುದೆಂದು ಬೇಕೆಂದೇ ಹೇಳುತ್ತಿಲ್ಲ. ಗೋಣಿಯೆಂದರೆ ಆಲ, ಅರಳಿ, ಅತ್ತಿ, ಬಸರಿಗಳ ದಾಯಾದಿ. ಸಸ್ಯಶಾಸ್ತ್ರಜ್ಞರು ಹಿಂದೆ ಇದಕ್ಕೆ ಮೈಸೂರಿನ ಹೆಸರನ್ನೇ ಸೇರಿಸಿ ‘ಫೈಕಸ್ ಮೈಸೊರೆನ್ಸಿಸ್’ ಎಂದು ಕರೆದಿದ್ದರು. ಅಗಲವಾದ ದಪ್ಪ ಎಲೆ, ಆನೆಯ ಮೈಯಂಥ ಕಾಂಡ. ಎಲೆಗಳ ಬುಡದಲ್ಲಿ, ತೊಟ್ಟೇ ಇಲ್ಲವೆಂಬಂತೆ ಜೋಡಿಜೋಡಿಯಾಗಿ ಅಂಟಿಕೊಂಡ ಹಣ್ಣು. ಮಾಗಿದಾಗ ಕೇಸರಿಯಿಂದ ಕೆಂಪಿಗೆ ತಿರುಗುವ ಅದರ ಬಣ್ಣವನ್ನು ಬೆಳಗಿನ ಎಳೆಬಿಸಿಲಿನಲ್ಲಿ ನೋಡಬೇಕು. ಮೂರು ವರ್ಷಗಳಿಂದ ನಾವು ಕಂಡಂತೆ ನಮ್ಮ ಮರ ಹಣ್ಣಾಗುವುದು ಮಾಗಿಯ ಚಳಿಯಲ್ಲಿ, ಧನುರ್ಮಾಸದ ನಡುವಿನಿಂದ ಸಂಕ್ರಾಂತಿಯ ಆಸುಪಾಸಿನವರೆಗೆ. ಹಣ್ಣೆಲ್ಲ ಒಟ್ಟೊಟ್ಟಿಗೇ ಮಾಗುತ್ತದೆ. ಎರಡು ವಾರಗಳಲ್ಲಿ ಸಂತರ್ಪಣೆ ಮುಗಿದುಹೋಗುತ್ತದೆ.

‘ನಾವು’ ಎಂದೆನಷ್ಟೆ. ನನ್ನಾಕೆಗೆ ಮಂಡಿನೋವು. ಕಾಡು ಸುತ್ತುವ ಹಕ್ಕಿಪ್ರಿಯರ ಹಿಂದೆ ಕಲ್ಲುಮುಳ್ಳು ತುಳಿಯುವುದು ಅವಳಿಂದ ಆಗದು. ಆದರೆ ಕಾರಿನಲ್ಲಿ ಕೂರುವುದಕ್ಕೆ ಮಂಡಿಯ ಅಪ್ಪಣೆ ಬೇಕಿಲ್ಲ. ಮೊದಲ ದಿನ ಹೊರಡುವಾಗ, “ಏನೂಂದ್ರೆ, ಧನುರ್ಮಾಸದಲ್ಲಿ ಊರಿನವರೆಲ್ಲ ಬೆಳಗಿನ ಜಾವ ಎದ್ದು ದೇವಸ್ಥಾನಕ್ಕೆ ಹೋಗುತ್ತಾರೆ. ನಾವು ಗೋಣಿಮರಕ್ಕೆ ಹೋಗೋಣ ಅಂತೀರಿ” ಎಂದಳು. ಎಂದವಳೇ ಡಬ್ಬಿಗೆ ಬಿಸಿಬಿಸಿ ಹುಗ್ಗಿ ತುಂಬಿಸಿಕೊಂಡು ಬಂದು ಕುಳಿತಳು. ಪ್ರಸಾದವೂ ಆಯಿತು, ದರ್ಶನವೂ ಆಯಿತು.

ಕಾರಿನಿಂದ ಹಕ್ಕಿಯ ಚಿತ್ರ ತೆಗೆಯುವುದಕ್ಕೆ ಕೆಲವು ನೇಮಗಳಿವೆ. ಮರವಿನ್ನೂ ದೂರವಿರುವಾಗಲೇ ಕಿಟಕಿಯ ಗಾಜನ್ನು ಇಳಿಸಿಬಿಡಬೇಕು. ಹತ್ತಿರ ಹೋದ ಮೇಲೆ ಕಿರ್ರೆನ್ನುವ ಗಾಜು ಸಭೆಯನ್ನೇ ಚದುರಿಸುತ್ತದೆ. ಸೂರ್ಯ ನಮ್ಮ ಬೆನ್ನಿಗಿರುವಂತೆ, ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ಕಾರನ್ನು ನಿಲ್ಲಿಸಬೇಕು. ಎಂಜಿನ್ ಆರಿಸಲೇಬೇಕು. ಸದ್ದಿಗಿಂತ ಹೆಚ್ಚಾಗಿ ಅದರ ನಡುಕ ಚಿತ್ರವನ್ನು ಕೆಡಿಸುತ್ತದೆ. ಬಾಗಿಲನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಕೂಡದು. ಬಾಗಿಲು ತೆರೆದು ಒಂದು ಕಾಲು ನೆಲಕ್ಕೆ ತಗಲಿತೋ, ಬಂಡೆ ಒಡೆದು ಮನುಷ್ಯ ಹುಟ್ಟಿದನೆಂದೇ ಅವುಗಳ ಲೆಕ್ಕ. ಇಡೀ ಮರ ಬರಿದಾಗುತ್ತದೆ. ಉದ್ದ ಲೆನ್ಸಿನ ಭಾರ ಹೊರಲು ಕಿಟಕಿಯ ಅಂಚಿನ ಮೇಲೆ ಕಾಳು ತುಂಬಿದ ಬಟ್ಟೆಯ ಚೀಲವೊಂದನ್ನು ಇಟ್ಟುಕೊಂಡರೆ ಸಾಕು. ನಮ್ಮದರಲ್ಲಿರುವುದು ಎರಡು ಸೇರು ರಾಗಿ. ಚೀಲವನ್ನು ಹೊಲಿದುಕೊಟ್ಟವಳು ನನ್ನಾಕೆ; ಚಳಿಗಾಲ ಮುಗಿದ ಮೇಲೆ ರಾಗಿ ಅಡಿಗೆಮನೆಗೆ ಮರಳಬೇಕೆಂಬ ಕರಾರಿನ ಮೇಲೆ. ಹಣ್ಣು ಕೀಳುವ ಹಕ್ಕಿಯ ಕೊಕ್ಕು ಬಲು ಚುರುಕು. ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಕಾಲ ಮಾತ್ರ ಷಟರ್ ತೆರೆದರೆ ಆ ಚಲನೆ ಚಿತ್ರದಲ್ಲಿ ಸ್ಥಿರವಾಗಿ ನಿಲ್ಲುತ್ತದೆ. ಹಿಂದೆ ಫಿಲ್ಮಿನ ಸುರುಳಿಯೊಂದಕ್ಕೆ 36 ಚಿತ್ರಗಳು. ಪ್ರತಿಯೊಂದಕ್ಕೂ ಮನಸ್ಸು ಹಿಂದುಮುಂದು ನೋಡುತ್ತಿತ್ತು. ಈಗ ಆ ಕಟ್ಟಿಲ್ಲ. ಆದರೂ ಒಂದು ಕಟ್ಟನ್ನು ನಾವಾಗಿ ಇಟ್ಟುಕೊಂಡಿದ್ದೇವೆ: ಹಕ್ಕಿ ತಲೆಯೆತ್ತಿ ನಮ್ಮತ್ತ ನೋಡತೊಡಗಿತೆಂದರೆ ಕ್ಯಾಮೆರಾ ಕೆಳಗೆ. ಮಾಗಿಯ ಬೆಳಗಿನಲ್ಲಿ ರಾತ್ರಿಯೆಲ್ಲ ಹಸಿದ ಪುಟ್ಟ ದೇಹಕ್ಕೆ ಒಂದೊಂದು ತುತ್ತೂ ಲೆಕ್ಕದ್ದು. ನಮ್ಮ ಚಿತ್ರಕ್ಕಾಗಿ ಅದು ಊಟದಿಂದ ಏಳಬಾರದು. ಎಲೆಯ ಮುಂದೆ ಕುಳಿತವರನ್ನು ಎಬ್ಬಿಸುವುದು ನಮ್ಮವರಲ್ಲಿ ಪಾಪವಷ್ಟೆ?

ಇನ್ನು ಅತಿಥಿಗಳ ವಿಷಯ. ಎಲ್ಲರಿಗಿಂತ ಮುಂಚೆ ಬರುವುದು ಕುಟ್ರು ಹಕ್ಕಿ. ಎಲೆಯ ಹಸಿರಿನಲ್ಲಿ ಎಲೆಯಾಗಿಯೇ ಕುಳಿತು, ಹಣ್ಣನ್ನು ದಪ್ಪ ಕೊಕ್ಕಿನಲ್ಲಿ ಕಚ್ಚಿ ತಿರುಚಿ ಕೀಳುತ್ತದೆ. ಅದರ ಚಿಕ್ಕ ತಮ್ಮನಂತಿರುವ ಕಂಚುಗಾರ ಹಕ್ಕಿ ಎದೆಯ ಮೇಲೆ ಕುಂಕುಮವಿಟ್ಟುಕೊಂಡು ಬರುತ್ತದೆ. ಪಿಕಳಾರಗಳು ಬಂದರೆ ಮದುವೆಮನೆಯ ಗಲಾಟೆ. ಗಿಳಿಗಳು ಒಂದು ಹಣ್ಣನ್ನು ಅರ್ಧ ತಿಂದು ಇನ್ನರ್ಧವನ್ನು ಬಿಸುಡುವ ಶ್ರೀಮಂತರು. ಹೊನ್ನಕ್ಕಿ ಬಂದ ದಿನ ಕಾರಿನೊಳಗೆ ಮಾತು ನಿಲ್ಲುತ್ತದೆ. ಆ ಹಳದಿಗೆ ಹೋಲಿಕೆ ಹುಡುಕುವುದೇ ವ್ಯರ್ಥ. ಹಸಿರು ಪಾರಿವಾಳಗಳು ಮಾತ್ರ ಬಂದದ್ದೇ ತಿಳಿಯುವುದಿಲ್ಲ. ಮರ ಖಾಲಿಯೆಂದು ನೋಡುತ್ತ ಕುಳಿತಿರುವಾಗ ಒಂದು ಎಲೆ ಅಲುಗಿದಂತಾಗುತ್ತದೆ. ದಿಟ್ಟಿಸಿದರೆ ಅದು ಎಲೆಯಲ್ಲ, ಪಾರಿವಾಳ. ಒಂದನ್ನು ಕಂಡ ಕಣ್ಣಿಗೆ ಆಮೇಲೆ ಹತ್ತು ಕಾಣಿಸುತ್ತವೆ.

ಎಲ್ಲರಿಗಿಂತ ದೂರದಿಂದ ಬರುವ ಬಂಧುಗಳೆಂದರೆ ಗುಲಾಬಿ ಕಬ್ಬಕ್ಕಿಗಳು. ಕಪ್ಪು ತಲೆ, ಗುಲಾಬಿ ಮೈ. ಇವುಗಳ ತವರು ಮಧ್ಯ ಏಷ್ಯ ಮತ್ತು ಪೂರ್ವ ಯೂರೋಪಿನ ಹುಲ್ಲುಗಾವಲುಗಳು. ಅಲ್ಲಿ ಮಿಡತೆಗಳನ್ನು ತಿಂದು ಮರಿಗಳನ್ನು ಸಾಕಿ, ಆಮೇಲೆ ಸಾವಿರಾರು ಮೈಲಿ ಹಾರಿ ನಮ್ಮಲ್ಲಿಗೆ ಬರುತ್ತವೆ. ಚೀನಾದ ಷಿನ್‌ಜಿಯಾಂಗ್ ಪ್ರಾಂತದಲ್ಲಿ ಮಿಡತೆಗಳ ಹಾವಳಿಯನ್ನು ತಡೆಯಲೆಂದು ಈ ಹಕ್ಕಿಗಳಿಗಾಗಿಯೇ ಕಲ್ಲಿನ ಗುಡ್ಡೆಗಳನ್ನು ಕಟ್ಟಿ ಗೂಡಿಗೆ ಎಡೆ ಮಾಡಿಕೊಡುತ್ತಾರಂತೆ. ಅಷ್ಟು ದೂರದಿಂದ ಬಂದ ಹಕ್ಕಿ ನಮ್ಮ ಕಾರಿನಿಂದ ಹದಿನೈದು ಅಡಿ ದೂರದ ಕೊಂಬೆಯಲ್ಲಿ ಕುಳಿತು, ಬಾಯ್ತುಂಬ ಗೋಣಿಹಣ್ಣು ಇಟ್ಟುಕೊಂಡು ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಅದು ನಮ್ಮನ್ನು ನಂಬಿದೆಯೆಂದು ಬೀಗುವಂತಿಲ್ಲ. ನಾವು ಅದಕ್ಕೆ ಲೆಕ್ಕಕ್ಕೇ ಇಲ್ಲ. ಜೀವಮಾನವೆಲ್ಲ ಆಫೀಸಿನಲ್ಲಿ, ನೆಂಟರಿಷ್ಟರಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳಬೇಕೆಂದು ಹೆಣಗಿದವನಿಗೆ, ಹೀಗೆ ಯಾರ ಲೆಕ್ಕಕ್ಕೂ ಇಲ್ಲದೆ ಅರ್ಧ ಗಂಟೆ ಕೂರುವುದರಲ್ಲಿ ಎಂಥ ನೆಮ್ಮದಿಯಿದೆಯೆಂದು ಹೇಳಲಾರೆ.

ಅದೇ ಮರದ ಒಂದು ಕೊಂಬೆಯ ಮೇಲೆ ಬದನಿಕೆ ಬೆಳೆದಿದೆ. ಅದರ ಪುಟ್ಟ ಹಣ್ಣಿಗೆ ಬೇರೆಯೇ ಗಿರಾಕಿ: ಬದನಿಕೆ ಹಕ್ಕಿ, ಹೆಬ್ಬೆರಳಿಗಿಂತ ತುಸು ದೊಡ್ಡದು. ಹಣ್ಣನ್ನು ಇಡಿಯಾಗಿ ನುಂಗುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ಬೀಜ ಅಂಟಂಟಾಗಿ ಹೊರಬರುತ್ತದೆ. ಅದನ್ನು ಬಿಡಿಸಿಕೊಳ್ಳಲು ಹಕ್ಕಿ ಹಿಂಭಾಗವನ್ನು ಕೊಂಬೆಗೆ ಉಜ್ಜುತ್ತದೆ. ಬೀಜ ಕೊಂಬೆಗೆ ಅಂಟಿ ಅಲ್ಲಿಯೇ ಮೊಳೆಯುತ್ತದೆ. ಉಂಡ ಮನೆಯ ಗೋಡೆಗೆ ಕೈ ಒರೆಸುವ ಈ ಪದ್ಧತಿಯಿಂದಲೇ ಬದನಿಕೆಯ ವಂಶ ಬೆಳೆಯುತ್ತಿದೆ. ಗೋಣಿಯ ಅತಿಥಿಗಳಲ್ಲಿಯೂ ಎರಡು ಪಂಗಡಗಳುಂಟು. ಗಿಳಿ, ಹಸಿರು ಪಾರಿವಾಳಗಳು ಬೀಜವನ್ನೂ ಅರೆದು ಜೀರ್ಣಿಸಿಕೊಳ್ಳುತ್ತವೆ; ಅವು ಉಂಡು ಹೋಗುವವರು. ಕುಟ್ರು, ಪಿಕಳಾರ, ಮೈನಾಗಳು ಬೀಜವನ್ನು ಹೊತ್ತು ಎಲ್ಲೋ ಹಾಕುತ್ತವೆ. ಅವು ಉಂಡು ಬಿತ್ತುವವರು. ಹಳೆಯ ಗುಡಿಯ ಗೋಪುರದಲ್ಲಿ, ಬಾವಿಯ ಕಟ್ಟೆಯ ಸಂದಿಯಲ್ಲಿ ತಾನಾಗಿ ಮೊಳೆತ ಗೋಣಿ, ಅರಳಿಗಳೆಲ್ಲ ಈ ಎರಡನೆಯ ಪಂಗಡದವರ ಕೃಷಿ.

ನಾನು ಚಿತ್ರ ತೆಗೆಯುತ್ತಿರುವಾಗ ನನ್ನಾಕೆ ಲೆಕ್ಕ ಬರೆಯುತ್ತಾಳೆ. ಬರೆಯುವುದು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ. ತಾರೀಖು, ಗಂಟೆ, ಯಾರು, ಎಷ್ಟು ಜನ. ‘7-10: ಕುಟ್ರು 3. 7-25: ಗುಲಾಬಿ, ಎಣಿಸಲಾಗಲಿಲ್ಲ. 7-40: ಹೊನ್ನಕ್ಕಿ 1, ಗಂಡು. ಅಳಿಲು ಅಟ್ಟಿತು.’ ಹೀಗೆ ಮೂರು ಮಾಗಿಗಳ ಲೆಕ್ಕ ಸೇರಿದೆ. ಒಟ್ಟು ಹದಿನಾರು ಜಾತಿಯ ಹಕ್ಕಿಗಳು ಈ ಒಂದೇ ಮರದಲ್ಲಿ ಊಟ ಮಾಡಿದ್ದನ್ನು ಅವಳು ಬರೆದಿಟ್ಟಿದ್ದಾಳೆ. ರಾತ್ರಿಯ ಪಂಕ್ತಿಗೆ ಬರುವ ಬಾವಲಿಗಳು ಇದರಲ್ಲಿ ಸೇರಿಲ್ಲ.

ಹಾದಿಹೋಕರಿಗೆ ನಮ್ಮನ್ನು ಕಂಡರೆ ಮರುಕ. ಒಂದು ದಿನ ಕುರಿ ಹೊಡೆದುಕೊಂಡು ಬಂದ ಹಿರಿಯನೊಬ್ಬ ಕಿಟಕಿಯಲ್ಲಿ ಬಗ್ಗಿ, “ಯಾಕ್ ಸ್ವಾಮಿ, ಗಾಡಿ ಕೆಟ್ಟೋಯ್ತಾ?” ಎಂದು ಕೇಳಿದ.

“ಇಲ್ಲಪ್ಪಾ, ಹಕ್ಕಿ ನೋಡುತ್ತಾ ಇದ್ದೇವೆ” ಎಂದಳು ನನ್ನಾಕೆ.

ಅವನು ಮರದ ಕಡೆ ಒಮ್ಮೆ, ನಮ್ಮ ಕಡೆ ಒಮ್ಮೆ ನೋಡಿದ. “ಹಕ್ಕೀನಾ? ಅವೇನ್ ತಾಯಿ, ದಿನಾ ಇರ್ತವಲ್ಲ!” ಎಂದು ನಕ್ಕು ಕುರಿಗಳ ಹಿಂದೆ ಹೊರಟುಹೋದ.

ಕಳೆದ ಮಾಗಿಯಲ್ಲಿ ನಾವು ಹೋದಾಗ ಮರದ ಕಾಂಡದ ಮೇಲೆ, ಆಳೆತ್ತರದಲ್ಲಿ, ತೊಗಟೆ ಕೆತ್ತಿ ಬಣ್ಣದಲ್ಲಿ ಬರೆದ ಒಂದು ಅಂಕಿಯಿತ್ತು: 41. ಹಿಂದಿನ ಹುಣಿಸೆಗೆ 40, ಮುಂದಿನ ಆಲಕ್ಕೆ 42. ರಸ್ತೆಯನ್ನು ಅಗಲ ಮಾಡುತ್ತಾರಂತೆ. ಯಾರಿಗಾಗಿ ಎಂದು ಕೇಳಬೇಕಾಗಿಲ್ಲ. ಕಾರುಗಳಿಗಾಗಿ. ಹಕ್ಕಿಗಳಿಗೆ ನನ್ನನ್ನು ಮರೆಮಾಡಿಕೊಟ್ಟ ವಾಹನಕ್ಕೆ ಜಾಗ ಬಿಡಲೆಂದೇ ಹಕ್ಕಿಗಳ ಛತ್ರ ಏಳಬೇಕಾಗಿದೆ. ನನ್ನಾಕೆ ಆ ದಿನ ಹುಗ್ಗಿಯ ಡಬ್ಬಿಯನ್ನು ತೆರೆಯಲಿಲ್ಲ.

ರಸ್ತೆ ಬೇಡವೆನ್ನುವ ಅಧಿಕಾರ ನನಗಿಲ್ಲ. ಆ ಊರುಗಳ ಬಸುರಿ ಹೆಂಗಸರೂ ರೋಗಿಗಳೂ ಬೇಗ ಆಸ್ಪತ್ರೆ ಸೇರಬೇಕು. ರೈತನ ತರಕಾರಿ ಹೊತ್ತಿಗೆ ಮುಂಚೆ ಪೇಟೆ ಮುಟ್ಟಬೇಕು. ಆದರೆ ರಸ್ತೆಗೂ ಮರಕ್ಕೂ ನಮ್ಮಲ್ಲಿ ಇದ್ದ ನಂಟು ಹಗೆತನದ್ದಲ್ಲ. ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಯುದ್ದಕ್ಕೂ ಆಲದ ಮರಗಳನ್ನು ನೆಡಿಸಿದುದಾಗಿ ಅಶೋಕ ತನ್ನ ಏಳನೆಯ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಸಾಲುಮರದ ತಿಮ್ಮಕ್ಕನವರು ಗಂಡನೊಡನೆ ನೀರು ಹೊತ್ತು ಬೆಳೆಸಿದ ಆಲದ ಮರಗಳ ಸಾಲನ್ನು ಕನ್ನಡಿಗರು ಎಲ್ಲರೂ ಬಲ್ಲರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಅವರ ಸಾಲುಮರಗಳಿಗೂ ರಸ್ತೆ ಅಗಲಗೊಳ್ಳುವ ಭಯ ಬಂತು. ಕೂಗು ಎದ್ದಿತು, ಬೇರೆ ದಾರಿ ನೋಡಿರೆಂದು ಸರ್ಕಾರ ಹೇಳಬೇಕಾಯಿತು. ತಿಮ್ಮಕ್ಕನವರ ಹೆಸರಿದ್ದ ಮರಗಳಿಗೆ ಆ ಭಾಗ್ಯ. ನಮ್ಮ ಗೋಣಿಗೆ ಹೆಸರಿಲ್ಲ. ಇರುವುದು ಒಂದು ಅಂಕಿ.

‘ಒಂದು ಕಡಿದರೆ ಹತ್ತು ನೆಡುತ್ತೇವೆ’ ಎಂಬ ಮಾತುಂಟು. ಕೇಳಲು ಹಿತವಾದ ಲೆಕ್ಕವೇ. ಆದರೆ ಇಂದು ನೆಟ್ಟ ಸಸಿ ಬರುವ ಧನುರ್ಮಾಸಕ್ಕೆ ಹಣ್ಣು ಬಿಡುವುದಿಲ್ಲ. ಇಂಥ ಮರವಾಗಲು ಒಂದು ತಲೆಮಾರೇ ಬೇಕು. ಅತ್ತಿಯ ಕುಲದ ಮರಗಳಿಗೆ ಇನ್ನೊಂದು ಗುಣವಿದೆ. ಮಾವು ಹಲಸುಗಳಂತೆ ಇವು ಊರಿಗೆಲ್ಲ ಒಂದೇ ಕಾಲದಲ್ಲಿ ಹಣ್ಣಾಗುವುದಿಲ್ಲ. ಒಂದು ಮರ ಮಾಗಿಯಲ್ಲಿ ಬಿಟ್ಟರೆ ಇನ್ನೊಂದು ಬೇಸಗೆಯಲ್ಲಿ, ಮತ್ತೊಂದು ಮಳೆಗಾಲದಲ್ಲಿ. ಇದಕ್ಕೆ ಕಾರಣ ಹಣ್ಣಿನೊಳಗಿನ ಪುಟ್ಟ ಕಣಜಗಳು. ಹೂವನ್ನು ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡ ಈ ಕುಲಕ್ಕೆ ಪರಾಗ ಸ್ಪರ್ಶ ಮಾಡುವವು ಅವೇ. ಕೆಲವೇ ದಿನ ಬದುಕುವ ಆ ಕಣಜಗಳಿಗೆ ವರ್ಷವಿಡೀ ಎಲ್ಲಾದರೂ ಒಂದು ಮರ ತೆರೆದಿರಲೇಬೇಕು. ಆದುದರಿಂದಲೇ ಬೇರೆ ಹಣ್ಣು ಇಲ್ಲದ ಕಾಲದಲ್ಲಿಯೂ ಹಕ್ಕಿಗಳಿಗೆ ಎಲ್ಲೋ ಒಂದು ಕಡೆ ಎಲೆ ಹಾಕಿರುತ್ತದೆ. ಹೀಗೆ ಸರದಿಯ ಮೇಲೆ ಅನ್ನವಿಡುವ ಛತ್ರಗಳ ಸಾಲಿನಲ್ಲಿ ಒಂದನ್ನು ತೆಗೆದರೆ, ಹೋದದ್ದು ಒಂದು ಮರ ಮಾತ್ರವಲ್ಲ; ಹಕ್ಕಿಗಳ ಪಂಚಾಂಗದಲ್ಲಿ ಎರಡು ವಾರ. ಆ ಎರಡು ವಾರ ಅವು ಏನು ತಿನ್ನಬೇಕೆಂಬುದು ಅಂದಾಜುಪಟ್ಟಿಯಲ್ಲಿ ಇರುವುದಿಲ್ಲ.

ನಮ್ಮ ರಾಜ್ಯದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯಿದೆಯುಂಟು. ಮರ ಕಡಿಯಲು ಅನುಮತಿ ಬೇಕೆಂದು ಅದು ಹೇಳುತ್ತದೆ. ಅನುಮತಿ ಕೊಡುವವರ ಮುಂದೆ ಮರದ ಸುತ್ತಳತೆ ಇರುತ್ತದೆ, ಸೌದೆಯ ಬೆಲೆ ಇರುತ್ತದೆ. ಮರದ ಅತಿಥಿಗಳ ಪಟ್ಟಿ ಇರುವುದಿಲ್ಲ. ಅದನ್ನು ನಾವು ಒದಗಿಸಿದೆವು. ಹಾಲಿನ ಪುಸ್ತಕದ ಲೆಕ್ಕವನ್ನು ನನ್ನಾಕೆ ದುಂಡಾದ ಅಕ್ಷರದಲ್ಲಿ ನಕಲು ಮಾಡಿದಳು. ಹದಿನಾರು ಜಾತಿಗೆ ಹದಿನಾರು ಚಿತ್ರಗಳನ್ನು ನಾನು ಅಚ್ಚು ಹಾಕಿಸಿದೆ. ಪ್ರತಿಯೊಂದರಲ್ಲಿಯೂ ಹಕ್ಕಿಯ ಬಾಯಲ್ಲಿ ಹಣ್ಣಿದೆ. ಅಂದವಾದ ಚಿತ್ರಗಳನ್ನು ಬಿಟ್ಟು ಸಾಕ್ಷಿ ಹೇಳುವ ಚಿತ್ರಗಳನ್ನೇ ಆರಿಸಿದೆವು. ರಸ್ತೆಯ ಆ ಕಡೆ ಬಯಲಿದೆ. ಅತ್ತ ಎಂಟು ಗಜ ಸರಿದರೆ 41ರಿಂದ 46ರವರೆಗಿನ ಮರಗಳು ಉಳಿಯುತ್ತವೆಂದು ನಕ್ಷೆಯೊಂದನ್ನು ಬರೆದು ಸೇರಿಸಿದೆವು. ಅರ್ಜಿ ಕೊಡುವ ದಿನ ನನ್ನಾಕೆಯೂ ಬಂದಳು. ಮೂರನೆಯ ಮಹಡಿ, ಲಿಫ್ಟ್ ಕೆಟ್ಟಿತ್ತು. ಒಂದೊಂದೇ ಮೆಟ್ಟಿಲನ್ನು ಕೈಹಿಡಿ ಆಧರಿಸಿ ಹತ್ತಿದಳು. “ಕಾರಿನಲ್ಲೇ ಕೂತಿರು ಎಂದೆನಲ್ಲ” ಎಂದುದಕ್ಕೆ, “ಕೂತು ನೋಡಿದ್ದಾಯಿತು. ಇದನ್ನು ಕೂತು ಹೇಳುವುದಕ್ಕೆ ಆಗುವುದಿಲ್ಲ” ಎಂದಳು.

ಮರೆಯಲ್ಲಿ ಕುಳಿತು ನೋಡುವುದು ಸುಖ. ಆದರೆ ಮರೆಯಲ್ಲಿ ಕಂಡದ್ದನ್ನು ಎಂದಾದರೊಂದು ದಿನ ಹೊರಗೆ ಬಂದು ಹೇಳಬೇಕಾಗುತ್ತದೆ. ಹದಿನೈದು ಅಡಿ ದೂರದಿಂದ ನೋಡಲು ಬಿಟ್ಟ ಹಕ್ಕಿಗಳಿಗೆ ನಾವು ಸಲ್ಲಿಸಬೇಕಾದ ಬಾಡಿಗೆ ಅದು.

ಅರ್ಜಿಗೆ ಸ್ವೀಕೃತಿಯ ಮುದ್ರೆ ಬಿದ್ದಿದೆ. ಉತ್ತರ ಬಂದಿಲ್ಲ. ಮರ ನಿಂತಿದೆ, ಅಂಕಿಯೂ ಇದೆ, ತೊಗಟೆ ಅದರ ಅಂಚನ್ನು ಮೆಲ್ಲಗೆ ಮುಚ್ಚುತ್ತಿದೆ.

ವಾಚಕರಲ್ಲಿ ಒಂದು ಕೋರಿಕೆ. ನಿಮ್ಮೂರಿನ ರಸ್ತೆಯಲ್ಲಿಯೂ ಒಂದು ಆಲವೋ ಅರಳಿಯೋ ಗೋಣಿಯೋ ಇದ್ದೀತು. ಈ ಚಳಿಗಾಲದಲ್ಲಿ ಒಂದು ಭಾನುವಾರ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಎಂಜಿನ್ ಆರಿಸಿ, ಗಾಜು ಇಳಿಸಿ ಅರ್ಧ ಗಂಟೆ ಕುಳಿತುಕೊಳ್ಳಿ. ಕ್ಯಾಮೆರಾ ಇಲ್ಲದಿದ್ದರೆ ಕೊರತೆಯಿಲ್ಲ. ಹಾಲಿನ ಲೆಕ್ಕದ ಪುಸ್ತಕವೊಂದು ಜೊತೆಯಲ್ಲಿರಲಿ. ಬಂದವರು ಯಾರು, ಎಷ್ಟು ಜನ, ಯಾವ ಹೊತ್ತಿಗೆ ಎಂದು ಬರೆದಿಡಿ. ‘ದಿನಾ ಇರ್ತವಲ್ಲ’ ಎಂದು ಆ ಕುರಿಯವನಂತೆ ಮುಂದಿನವರೂ ನಗುತ್ತ ಹೇಳಬೇಕಾದರೆ, ಇಂದು ಇವೆ ಎಂಬುದಕ್ಕೆ ಒಂದು ಲೆಕ್ಕ ಬೇಕು.